ಕೆಮ್ಮಿದರೆ ಮೂತ್ರ ಸೋರುತ್ತದೆ: ವಿಟಮಿನ್ ಡಬ್ಬಿಯಿಂದ ನಿಲ್ಲುತ್ತದೆಯೇ?

ಪ್ರಶ್ನೆ: ಡಾಕ್ಟರಮ್ಮಾರೆ, ನಮಸ್ಕಾರ. ನನಗೆ 48 ವರ್ಷ. ಕುಷ್ಟಗಿಯಲ್ಲಿ ನಾನೂ ನನ್ನ ನೆಗೆಣ್ಣಿಯೂ ಸೇರಿ ಒಂದು ಸಣ್ಣ ಖಾನಾವಳಿ ನಡೆಸುತ್ತೇವೆ. ದಿನಾ ಇನ್ನೂರು, ಇನ್ನೂರೈವತ್ತು ರೊಟ್ಟಿ ಬಡಿಯುತ್ತೇನೆ. ಮೂರು ಹೆರಿಗೆ, ಮೂರೂ ಸಹಜ. ಮುಟ್ಟು ನಿಂತು ಒಂದು ವರ್ಷ ದಾಟಿತು. ತೂಕ 74 ಕಿಲೋ. ಎರಡು ವರ್ಷದಿಂದ ಕೆಮ್ಮಿದರೆ, ಸೀನಿದರೆ, ಹಿಟ್ಟಿನ ಚೀಲ ಎತ್ತಿದರೆ ಮೂತ್ರ ಹೋಗಿಬಿಡುತ್ತದೆ. ಒಗ್ಗರಣೆಗೆ ಮೆಣಸಿನಕಾಯಿ ಹಾಕುವಾಗ ಘಾಟಿಗೆ ಕೆಮ್ಮು ಬಂದರಂತೂ ಸೀರೆಯೇ ಒದ್ದೆ. ಈಚೆಗೆ ನಲ್ಲಿ ಬಿಟ್ಟ ಸದ್ದು ಕೇಳಿದರೂ ಓಡಬೇಕು, ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಸ್ವಲ್ಪ ಹೋಗಿರುತ್ತದೆ. ರಾತ್ರಿ ಮೂರು ಸಲ ಏಳುತ್ತೇನೆ. ಹಳೆ ಬಟ್ಟೆ ಮಡಚಿ ಇಟ್ಟುಕೊಂಡು ದಿನ ತಳ್ಳುತ್ತಿದ್ದೇನೆ.

ಮೈದುನನ ಮಗ ಒಂದು ಕಂಪನಿಯ ಡಬ್ಬಿ ತಂದುಕೊಟ್ಟ. ತಿಂಗಳಿಗೆ 1,850 ರೂಪಾಯಿ. ವಿಟಮಿನ್ ಸಿ, ಡಿ, ಜಿಂಕ್, ಕುಂಬಳಕಾಯಿ ಬೀಜದ ಸತ್ವ ಇದೆಯಂತೆ. ನಾಲ್ಕು ತಿಂಗಳಾಯಿತು. ಇದರ ಜೊತೆ ಮೆಡಿಕಲ್ ಶಾಪಿನ ವಿಟಮಿನ್ ಡಿ ಪುಡಿಯ ಪೊಟ್ಟಣ, ಅತ್ತೆ ಹೇಳಿದ ನೆಗ್ಗಿಲು ಮುಳ್ಳಿನ ಕಷಾಯ. ಏನೂ ಕಡಿಮೆ ಆಗಿಲ್ಲ, ಜಾಸ್ತಿಯೇ ಆಗಿದೆ ಅನಿಸುತ್ತದೆ. ಹೆದರಿ ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ. ಎರಡು ವರ್ಷದಿಂದ ಕೊಪ್ಪಳದ ಗವಿಮಠದ ಜಾತ್ರೆಗೂ ಹೋಗಿಲ್ಲ, ಬಸ್ಸಿನಲ್ಲಿ ಏನಾದರೂ ಆದರೆ ಅಂತ. ಯಾವ ವಿಟಮಿನ್ ತಗೊಂಡರೆ ಇದು ನಿಲ್ಲುತ್ತದೆ? ಆರು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ನುಂಗುತ್ತೇನೆ. ಹೋದ ತಿಂಗಳು ಊಟದ ನಂತರ 260 ಇತ್ತು. ಬಿಪಿಗೆ ಎನಾಲಾಪ್ರಿಲ್ ಇದೆ. ಒಂದು ವರ್ಷದಿಂದ ಒಣ ಕೆಮ್ಮೂ ಇದೆ, ಅದು ಮೆಣಸಿನಕಾಯಿ ಘಾಟಿನದು. ಹೆಸರು ಹಾಕಬೇಡಿ.

ಉತ್ತರ: ಅಕ್ಕಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಪ್ರಶ್ನೆ ವಿಟಮಿನ್ ಬಗ್ಗೆ. ಆದರೆ ನಿಮಗೆ ಬೇಕಾದ ಉತ್ತರದ ಅರ್ಧ ಭಾಗ ನೀವು ಕೊನೆಯಲ್ಲಿ ಅವಸರದಲ್ಲಿ ಬರೆದ ನಾಲ್ಕೈದು ಸಾಲಿನಲ್ಲೇ ಇದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಒಂದು ಮಾತು. ಬಳ್ಳಾರಿಯಲ್ಲಿ ಕೂತು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಹೆಂಗಸರನ್ನು ನೋಡುತ್ತಿದ್ದೇನೆ. ಈ ತೊಂದರೆಯನ್ನು ಬಾಯಿಬಿಟ್ಟು ಹೇಳಲೆಂದೇ ಬಂದವರು ಬಹಳ ಕಡಿಮೆ. ಬಿಳಿ ಸೆರಗು ಅಂತಲೋ ಸೊಂಟ ನೋವು ಅಂತಲೋ ಬರುತ್ತಾರೆ. ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು, "ಇನ್ನೊಂದು ಮಾತಿತ್ತು" ಅನ್ನುತ್ತಾರೆ. ಜೀನ್ಸ್ ಹೊಲಿಯುವವರು, ಭತ್ತದ ನಾಟಿಗೆ ಹೋಗುವವರು, ಟೀಚರಮ್ಮಂದಿರು, ಎಲ್ಲರೂ. ನೀವು ಒಬ್ಬರೇ ಅಲ್ಲ. ವಯಸ್ಸಾದ ಮೇಲೆ ಇದು ಇದ್ದದ್ದೇ, ಸಹಿಸಿಕೊಳ್ಳಬೇಕು ಅನ್ನುವುದೂ ಸರಿಯಲ್ಲ. ವಯಸ್ಸಿನ ಜೊತೆ ಜಾಸ್ತಿಯಾಗುತ್ತದೆ, ನಿಜ. ಹಾಗೆಂದು ಅದಕ್ಕೆ ಮದ್ದಿಲ್ಲ ಎಂದಲ್ಲ.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಕೆಮ್ಮಿದಾಗ ಸೋರುವ ಮೂತ್ರವನ್ನು ನಿಲ್ಲಿಸುವ ವಿಟಮಿನ್ ಯಾವುದೂ ಇಲ್ಲ. ಯಾಕೆ ಅನ್ನುವುದು ತಿಳಿಯಬೇಕಾದರೆ, ಸೋರುವುದು ಎಲ್ಲಿಂದ ಅಂತ ನೋಡಬೇಕು.

ನಮ್ಮ ಸೊಂಟದ ಮೂಳೆಗಳ ತಳದಲ್ಲಿ ಮುಂದಿನಿಂದ ಹಿಂದಕ್ಕೆ ಜೋಳಿಗೆಯ ಹಾಗೆ ಕಟ್ಟಿದ ಸ್ನಾಯುಗಳಿವೆ. ಮೂತ್ರಚೀಲ, ಗರ್ಭಕೋಶ, ಮಲದ ಕರುಳು ಮೂರೂ ಆ ಜೋಳಿಗೆಯ ಮೇಲೆ ಕೂತಿರುತ್ತವೆ. ಕೆಮ್ಮಿದಾಗ ಹೊಟ್ಟೆಯ ಒತ್ತಡ ಕೆಳಕ್ಕೆ ಬೀಳುತ್ತದೆ. ಜೋಳಿಗೆ ಬಿಗಿಯಾಗಿದ್ದರೆ ಮೂತ್ರನಾಳ ಅದರ ಮೇಲೆ ಒತ್ತಿಕೊಂಡು ಮುಚ್ಚಿಕೊಳ್ಳುತ್ತದೆ. ಹೆರಿಗೆಯಲ್ಲಿ ಹಿಗ್ಗಿ, ಭಾರ ಎತ್ತಿ ಎತ್ತಿ, ಮಲಬದ್ಧತೆಯಲ್ಲಿ ತಿಣುಕಿ, ಮೈ ತೂಕ ಹೊತ್ತು ಅದು ಸಡಿಲವಾಗಿದ್ದರೆ ನಾಳ ಪೂರ್ತಿ ಮುಚ್ಚುವುದಿಲ್ಲ. ಕೆಮ್ಮು, ಸೀನು, ನಗು, ಹಿಟ್ಟಿನ ಚೀಲಕ್ಕೆ ಆಗುವುದು ಇದು. ಒತ್ತಡದ ಸೋರಿಕೆ ಅನ್ನೋಣ.

ನಲ್ಲಿಯ ಸದ್ದಿಗೆ ಓಡುವುದು ಬೇರೆ. ಮೂತ್ರಚೀಲವೂ ಒಂದು ಸ್ನಾಯುವಿನ ಚೀಲವೇ. ದೊಡ್ಡವರಲ್ಲಿ ಅದು 300ರಿಂದ 500 ಮಿಲಿ ಲೀಟರ್ ತುಂಬುವವರೆಗೆ ಸುಮ್ಮನಿರಬೇಕು. ಅರ್ಧ ತುಂಬುವ ಮೊದಲೇ ಅದು ಹಿಂಡಿಕೊಳ್ಳಲು ಶುರು ಮಾಡಿದರೆ ತಡೆಯಲಾಗದ ಅವಸರ ಬರುತ್ತದೆ. ಅವಸರದ ಸೋರಿಕೆ ಅಂದರೆ ಇದು. ನೀವು ಬರೆದದ್ದು ನೋಡಿದರೆ ನಿಮಗೆ ಎರಡೂ ಇವೆ. ನಿಮ್ಮ ವಯಸ್ಸಿನವರಲ್ಲಿ ಎರಡೂ ಸೇರಿ ಇರುವುದು ತುಂಬಾ ಸಾಮಾನ್ಯ.

ಮೂರನೆಯದೂ ಒಂದಿದೆ. ಶುಗರ್ ಇರುವವರಲ್ಲಿ ಅದನ್ನು ಮರೆಯಬಾರದು. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಮೂತ್ರಚೀಲದ ನರ ಮಂದವಾಗುತ್ತದೆ. ಚೀಲ ತುಂಬಿದ್ದು ಗೊತ್ತಾಗುವುದಿಲ್ಲ, ಪೂರ್ತಿ ಖಾಲಿಯೂ ಆಗುವುದಿಲ್ಲ. ಕಂಠದವರೆಗೆ ತುಂಬಿದ ಕೊಡ ತುಳುಕಿದ ಹಾಗೆ ಆಗಾಗ ತುಳುಕುತ್ತದೆ. ಇದು ಹೌದೋ ಅಲ್ಲವೋ ಅಂತ ತಿಳಿಯುವುದು ಸುಲಭ. ಸ್ಕ್ಯಾನಿಂಗ್‌ನಲ್ಲಿ ಒಮ್ಮೆ ನೋಡುತ್ತಾರೆ, ನೀವು ಮೂತ್ರಕ್ಕೆ ಹೋಗಿ ಬಂದ ಮೇಲೆ ಇನ್ನೊಮ್ಮೆ ನೋಡುತ್ತಾರೆ. ಎಷ್ಟು ಉಳಿದಿದೆ ಅಂತ ತಿಳಿಯುತ್ತದೆ. ನಿಮಗೆ ಇದನ್ನು ಮಾಡಿಸಲೇಬೇಕು. ಯಾಕೆಂದರೆ ಚೀಲ ಖಾಲಿಯಾಗದೆ ಇರುವವರಿಗೆ ಅವಸರ ತಡೆಯುವ ಗುಳಿಗೆ ಕೊಟ್ಟರೆ ಮೂತ್ರ ಕಟ್ಟಿಕೊಂಡುಬಿಡಬಹುದು.

ಈಗ ಡಬ್ಬಿಯ ವಿಷಯ. ಒಂದೊಂದಾಗಿ ನೋಡೋಣ.

ವಿಟಮಿನ್ ಡಿ. ಇದರ ಹಿಂದೆ ಒಂದು ನಿಜವಾದ ಎಳೆ ಇದೆ. ಸ್ನಾಯುಗಳಿಗೆ ವಿಟಮಿನ್ ಡಿ ಬೇಕು. ಅದು ಕಡಿಮೆ ಇರುವ ಹೆಂಗಸರಲ್ಲಿ ಮೂತ್ರ ಸೋರುವ ತೊಂದರೆ ಹೆಚ್ಚು ಕಂಡಿದೆ ಅಂತ ಕೆಲವು ಸಮೀಕ್ಷೆಗಳು ಹೇಳಿದವು. ಹಾಗಾದರೆ ಕೊಟ್ಟರೆ ಕಡಿಮೆಯಾಗಬೇಕಲ್ಲ? ಅಮೆರಿಕದಲ್ಲಿ ವಿಟಲ್ ಎಂಬ ದೊಡ್ಡ ಪ್ರಯೋಗ ನಡೆಯಿತು. 25,871 ಜನ ಗಂಡಸರು, ಹೆಂಗಸರು. ಅರ್ಧ ಜನಕ್ಕೆ ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿ, ಉಳಿದವರಿಗೆ ಅದೇ ರೀತಿ ಕಾಣುವ ಖಾಲಿ ಗುಳಿಗೆ, ಐದು ವರ್ಷದಷ್ಟು ಕಾಲ. ಮೂತ್ರ ಸೋರುವುದರ ಬಗ್ಗೆ ಅದರ ಫಲಿತಾಂಶ 2022ರಲ್ಲಿ ಬಂತು. ಒಟ್ಟಾರೆ ನೋಡಿದರೆ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಕೊರತೆ ಇದ್ದರೆ ತುಂಬಿಸಿಕೊಳ್ಳಿ, ಮೂಳೆಗೆ ಒಳ್ಳೆಯದು, ಮೈಕೈ ನೋವಿಗೆ ಒಳ್ಳೆಯದು. ಸೋರುವುದು ನಿಲ್ಲಲಿ ಅಂತ ತಗೊಳ್ಳುವುದರಲ್ಲಿ ಅರ್ಥವಿಲ್ಲ.

ನನಗೆ ಹೆದರಿಕೆ ಇರುವುದು ಆ ಪೊಟ್ಟಣದ ಬಗ್ಗೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಣ್ಣ ಪೊಟ್ಟಣದಲ್ಲಿ ಸಾಮಾನ್ಯವಾಗಿ 60,000 ಯೂನಿಟ್ ಇರುತ್ತದೆ. ಅದು ವಾರಕ್ಕೆ ಒಂದು, ಅದೂ ಡಾಕ್ಟರು ಹೇಳಿದಷ್ಟು ವಾರ ಮಾತ್ರ. ಅದನ್ನು ದಿನಾ ಹಾಲಿಗೆ ಹಾಕಿ ಕುಡಿದವರನ್ನು ನಾನು ನೋಡಿದ್ದೇನೆ. ನೀವು ಹೇಗೆ ತಗೊಳ್ಳುತ್ತಿದ್ದೀರಿ ಅಂತ ಬರೆದಿಲ್ಲ. ವಿಟಮಿನ್ ಡಿ ಮೈಯಲ್ಲಿ ಕೂಡಿಕೊಳ್ಳುತ್ತದೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಕ್ಯಾಲ್ಸಿಯಂ ಏರಿದರೆ ಬಾಯಾರಿಕೆ, ವಾಕರಿಕೆ, ಮಲಬದ್ಧತೆ, ಪದೇ ಪದೇ ಮೂತ್ರ. ಅಂದರೆ ಯಾವ ಕಾಯಿಲೆಗೆ ಅಂತ ಕುಡಿದರೋ ಅದೇ ಜಾಸ್ತಿ. ಮೂತ್ರಪಿಂಡದಲ್ಲಿ ಕಲ್ಲೂ ಆಗಬಹುದು. ದಿನಾ ತಗೊಂಡಿದ್ದರೆ ಇವತ್ತೇ ನಿಲ್ಲಿಸಿ, ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ.

ವಿಟಮಿನ್ ಸಿ. ಡಬ್ಬಿಯ ಹಿಂದಿನ ಪಟ್ಟಿಯಲ್ಲಿ ಎಷ್ಟು ಮಿಲಿಗ್ರಾಂ ಅಂತ ಮಗಳ ಹತ್ತಿರವೋ ಸೊಸೆಯ ಹತ್ತಿರವೋ ಓದಿಸಿ. ಇಂಥ ಡಬ್ಬಿಗಳಲ್ಲಿ 500, ಕೆಲವೊಮ್ಮೆ 1,000 ಇರುತ್ತದೆ. ನಮ್ಮ ದೇಶದ ಲೆಕ್ಕದಲ್ಲಿ ಒಬ್ಬ ಹೆಂಗಸಿಗೆ ದಿನಕ್ಕೆ ಬೇಕಾದದ್ದು 65 ಮಿಲಿಗ್ರಾಂ. ಅರ್ಧ ಸೀಬೆಹಣ್ಣಿನಲ್ಲಿ ಅದಕ್ಕಿಂತ ಹೆಚ್ಚು ಸಿಗುತ್ತದೆ. ಮಿಕ್ಕದ್ದು ಮೂತ್ರದಲ್ಲೇ ಹೊರಗೆ ಹೋಗುತ್ತದೆ, ಹೋಗುವಾಗ ಕೆಲವರ ಮೂತ್ರಚೀಲವನ್ನು ಕೆಣಕುತ್ತದೆ. ಡಬ್ಬಿಯ ವಿಟಮಿನ್ ಸಿಯನ್ನು ಹೆಚ್ಚು ಪ್ರಮಾಣದಲ್ಲಿ ತಗೊಳ್ಳುವ ಹೆಂಗಸರಲ್ಲಿ ಅವಸರ, ಪದೇ ಪದೇ ಹೋಗುವುದು ಜಾಸ್ತಿ ಕಂಡದ್ದೂ ಇದೆ. ಹಣ್ಣು ತರಕಾರಿಯಲ್ಲಿನ ಸಿಯಿಂದ ಈ ತೊಂದರೆ ಇಲ್ಲ. ಜೊತೆಗೆ ನೀವು ನೀರು ಬಿಟ್ಟಿದ್ದೀರಿ. ಒಲೆ ಮುಂದೆ ಕೂತು, ನೀರು ಕುಡಿಯದೆ, ಹೆಚ್ಚು ವಿಟಮಿನ್ ಸಿ. ಕಲ್ಲು ಆಗಲು ಇನ್ನೇನು ಬೇಕು ಅಕ್ಕಾ?

ಕುಂಬಳಕಾಯಿ ಬೀಜ. ತಿನ್ನಲು ಒಳ್ಳೆಯ ಪದಾರ್ಥ. ಅವಸರ ಸ್ವಲ್ಪ ತಗ್ಗಿತು ಅನ್ನುವ ಸಣ್ಣ ಪ್ರಯೋಗಗಳಿವೆ. ಆದರೆ ತುಂಬ ಕಡಿಮೆ ಜನ, ಕಡಿಮೆ ದಿನ. ಅದರ ಮೇಲೆ ನಂಬಿಕೆ ಇಟ್ಟು ದುಡ್ಡು ಹಾಕಿ ಅಂತ ನಾನು ಹೇಳಲಾರೆ. ಒಂದು ಹಿಡಿ ಹುರಿದು ತಿಂದರೆ ಬೇಡ ಅನ್ನುವುದೂ ಇಲ್ಲ. ಮೆಗ್ನೀಸಿಯಂ ಮಾತೂ ಹಾಗೆಯೇ. ನಲವತ್ತು ಹೆಂಗಸರ ಒಂದು ಹಳೆಯ ಪ್ರಯೋಗದಲ್ಲಿ ಅವಸರ ಇದ್ದ ಕೆಲವರಿಗೆ ಗುಣ ಕಂಡಿತು, ಅಷ್ಟೇ. ಶುಗರ್‌ನಿಂದ ಮೂತ್ರಪಿಂಡ ಸೋತಿದ್ದರೆ ಮೆಗ್ನೀಸಿಯಂ ಗುಳಿಗೆ ಅಪಾಯ. ನಿಮ್ಮ ತಟ್ಟೆಯಲ್ಲೇ ಅದು ಬೇಕಾದಷ್ಟಿದೆ: ಜೋಳ, ಸಜ್ಜೆ, ಶೇಂಗಾ, ಪುಂಡಿ ಪಲ್ಯ. ರೊಟ್ಟಿ ಬಡಿಯುವವರು ಅದನ್ನು ಡಬ್ಬಿಯಲ್ಲಿ ಕೊಳ್ಳಬೇಕಾಗಿಲ್ಲ.

ಜಿಂಕ್‌ಗೂ ಈ ತೊಂದರೆಗೂ ಸಂಬಂಧವಿಲ್ಲ. ಮುಂದೆ ಹೋಗೋಣ.

ನೆಗ್ಗಿಲು ಮುಳ್ಳು. ನಿಮ್ಮ ಅತ್ತೆಯವರು ಪ್ರೀತಿಯಿಂದಲೇ ಹೇಳಿದ್ದಾರೆ. ಆದರೆ ಯೋಚಿಸಿ. ನಮ್ಮ ಹಿರಿಯರು ಅದನ್ನು ಕೊಡುತ್ತಿದ್ದದ್ದು ಯಾರಿಗೆ? ಉರಿಮೂತ್ರದವರಿಗೆ, ಮೂತ್ರ ಕಟ್ಟಿದವರಿಗೆ, ಸಲೀಸಾಗಿ ಹೋಗಲಿ ಅಂತ. ನಿಮಗೆ ಬೇಕಾದದ್ದು ಅದರ ಉಲ್ಟಾ. ಬಾರ್ಲಿ ನೀರು, ಧನಿಯಾ ನೀರು ಕುಡಿಯುತ್ತಿದ್ದರೆ ಅವೂ ಅಷ್ಟೇ. ಎಳ್ಳು ಬೆಲ್ಲದ ಉಂಡೆಯನ್ನು ಹಾಸಿಗೆಯಲ್ಲಿ ಮೂತ್ರ ಮಾಡುವ ಮಕ್ಕಳಿಗೆ ಕೊಡುವ ರೂಢಿ ನಮ್ಮಲ್ಲಿದೆ, ಯಾರಾದರೂ ನಿಮಗೂ ಹೇಳಿಯಾರು. 260 ಶುಗರ್‌ಗೆ ಬೆಲ್ಲ ಬೇಡ.

ಆಯುರ್ವೇದವೇ ಬೇಡ ಅಂತ ನಾನು ಹೇಳುತ್ತಿಲ್ಲ. ನಂಬಿಕೆ ಇದ್ದರೆ ಕಲಿತ ಆಯುರ್ವೇದ ವೈದ್ಯರ ಹತ್ತಿರ ಹೋಗಿ, ಯಾವ ರೀತಿಯ ಸೋರಿಕೆ ಅಂತ ಗೊತ್ತಾದ ಮೇಲೆ ಹೋಗಿ, ನುಂಗುತ್ತಿರುವ ಗುಳಿಗೆಗಳನ್ನೆಲ್ಲ ತೋರಿಸಿ. ಸಂತೆಯಲ್ಲಿ, ಮೊಬೈಲಿನಲ್ಲಿ ನೋಡಿ ತರಿಸುವ ಹೆಸರಿಲ್ಲದ ಪುಡಿ ಬೇಡ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಂಟರ್ನೆಟ್‌ನಲ್ಲಿ ಮಾರುತ್ತಿದ್ದ 193 ಆಯುರ್ವೇದ ಪದಾರ್ಥಗಳನ್ನು ಪರೀಕ್ಷಿಸಿದಾಗ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ನಿಮ್ಮ ಡಬ್ಬಿಯನ್ನು ಇನ್ನೊಮ್ಮೆ ಕೈಗೆ ತಗೊಳ್ಳಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ (ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇರುತ್ತದೆ. ಮಾರುವವರು ಅದನ್ನು ತೋರಿಸಿ "ಸರ್ಕಾರವೇ ಒಪ್ಪಿದೆ" ಅನ್ನುತ್ತಾರೆ. ಅದು ಆಹಾರ ತಯಾರಿಸುವ ಲೈಸೆನ್ಸ್, ಬಿಸ್ಕತ್ತಿನ ಪೊಟ್ಟಣದ ಮೇಲೂ ಇರುತ್ತದೆ. ಕಾಯಿಲೆ ವಾಸಿಯಾಗುತ್ತದೆ ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. ಅದೇ ಡಬ್ಬಿಯ ಮೇಲೆ "ಔಷಧಿಯಾಗಿ ಬಳಸಲು ಅಲ್ಲ" ಎಂಬ ಅರ್ಥದ ಮಾತು ಇಂಗ್ಲಿಷಿನಲ್ಲಿ ಇರಬೇಕು. ಇಂಥ ಪೂರಕಗಳ ಮೇಲೆ ಹಾಗೆ ಬರೆಯಲೇಬೇಕು ಅನ್ನುವ ನಿಯಮವಿದೆ. ಮೈದುನನ ಮಗನ ಮೇಲೆ ಸಿಟ್ಟು ಬೇಡ. ಅವನಿಗೂ ಯಾರೋ ಹೀಗೆ ಹೇಳಿಯೇ ಮಾರಲು ಹಚ್ಚಿರುತ್ತಾರೆ. ಮುಂದಿನ ತಿಂಗಳಿಂದ ಬೇಡಪ್ಪ ಅನ್ನಿ, ಸಾಕು. ನಾಲ್ಕು ತಿಂಗಳಿಗೆ 7,400 ರೂಪಾಯಿ ಆಗಿದೆ. ನಾನು ಈಗ ಹೇಳುವ ಪರೀಕ್ಷೆಗಳಿಗೆ ಅಷ್ಟು ಖರ್ಚಾಗಲಿಕ್ಕಿಲ್ಲ.

ಹಾಗಾದರೆ ನಿಮಗೆ ಯಾವ ವಿಟಮಿನ್ನೂ ಬೇಡವೇ? ಒಂದು ಬೇಕಾಗಬಹುದು. ಅದು ಆ ಡಬ್ಬಿಯಲ್ಲಿ ಇಲ್ಲ. ಬಿ12. ಮೆಟ್‌ಫಾರ್ಮಿನ್ ಒಳ್ಳೆಯ ಗುಳಿಗೆ, ಬಿಡಬೇಡಿ. ಆದರೆ ವರ್ಷಗಟ್ಟಲೆ ತಗೊಂಡರೆ ಅದು ಕರುಳಿನಲ್ಲಿ ಬಿ12 ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಬಿ12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿ. ನೀವು ಸಸ್ಯಾಹಾರಿಯಾಗಿದ್ದು ಹಾಲು ಮೊಸರೂ ಅಷ್ಟಕ್ಕಷ್ಟೇ ಆಗಿದ್ದರೆ ಕೊರತೆ ಇರುವ ಸಾಧ್ಯತೆ ಹೆಚ್ಚು. ಬಿ12 ಕಡಿಮೆಯಾದರೆ ನರ ಸೊರಗುತ್ತದೆ. ಕಾಲು ಜುಮುಜುಮು, ಅಂಗಾಲು ಉರಿ, ಮೂತ್ರಚೀಲದ ಹಿಡಿತವೂ ಕೆಡಬಹುದು. ರಕ್ತ ಪರೀಕ್ಷೆ ಮಾಡಿಸಿ. ಕಡಿಮೆ ಇದ್ದರೆ ಇಂಜೆಕ್ಷನ್ ಅಥವಾ ಗುಳಿಗೆ. ಸರಿ ಇದ್ದರೆ ಸುಮ್ನೆ ನುಂಗಬೇಡಿ. "ನರದ ಗುಳಿಗೆ" ಅಂತ ಮಾರುವ ಕೆಲವು ಬಿ ಕಾಂಪ್ಲೆಕ್ಸ್‌ಗಳಲ್ಲಿ ಬಿ6 ಹೆಚ್ಚಿರುತ್ತದೆ. ಅದನ್ನು ಹೆಚ್ಚು ಪ್ರಮಾಣದಲ್ಲಿ ಬಹಳ ಕಾಲ ತಗೊಂಡರೆ ನರಕ್ಕೇ ಪೆಟ್ಟು.

ಈಗ ಆ ಕೊನೆಯ ಸಾಲುಗಳು.

ಒಣ ಕೆಮ್ಮು ಒಂದು ವರ್ಷದಿಂದ ಇದೆ ಅಂದಿರಿ. ಮೆಣಸಿನಕಾಯಿ ಘಾಟಿನದು ಅಂದಿರಿ. ಖಾನಾವಳಿ ಬಾಗಿಲು ಹಾಕಿದ ಮೇಲೆ, ರಾತ್ರಿ ಮಲಗಿದಾಗಲೂ ಕೆಮ್ಮುತ್ತೀರಾ? ಹೌದಾದರೆ ಎನಾಲಾಪ್ರಿಲ್ ಮೇಲೆ ನನಗೆ ಅನುಮಾನ. ಬಿಪಿಗೆ ಒಳ್ಳೆಯ ಗುಳಿಗೆಯೇ. ಆದರೆ ತಗೊಳ್ಳುವವರಲ್ಲಿ ಹಲವರಿಗೆ ಬಿಡದ ಒಣ ಕೆಮ್ಮು ತರುತ್ತದೆ, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಕೆಮ್ಮಿನ ಟಾನಿಕ್ಕಿಗೆ ಅದು ಬಗ್ಗುವುದಿಲ್ಲ. ಕೆಮ್ಮಿದಷ್ಟು ಸಲ ಆ ಜೋಳಿಗೆಯ ಮೇಲೆ ಏಟು. ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ, ಬಿಪಿ ಏರುತ್ತದೆ. ಬರೆದುಕೊಟ್ಟ ಡಾಕ್ಟರಿಗೆ ಕೆಮ್ಮಿನ ವಿಷಯ ಹೇಳಿ. ಕೆಮ್ಮು ತರದ ಬೇರೆ ಗುಳಿಗೆಗಳಿವೆ, ಲೋಸಾರ್ಟಾನ್, ಟೆಲ್ಮಿಸಾರ್ಟಾನ್ ಅಂಥವು. ಬದಲಿಸಿದ ಕೆಲವು ವಾರದಲ್ಲಿ ಕೆಮ್ಮು ಹೋಗುತ್ತದೆ. ಬರೀ ಇಷ್ಟರಿಂದಲೇ ಬಟ್ಟೆ ಇಟ್ಟುಕೊಳ್ಳುವುದನ್ನು ಬಿಟ್ಟವರನ್ನು ನಾನು ಕಂಡಿದ್ದೇನೆ. ಗುಳಿಗೆ ಬದಲಿಸಿದ ಮೇಲೂ ಕೆಮ್ಮು ಉಳಿದರೆ ಕಫ ಪರೀಕ್ಷೆ, ಎದೆಯ ಎಕ್ಸ್‌ರೇ ಬೇಕು. ಶುಗರ್ ಇರುವವರಲ್ಲಿ ಟಿಬಿ ನೆನಪಿರಬೇಕು.

ಇನ್ನು 260. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದರೆ ಮೂತ್ರಪಿಂಡ ಅದನ್ನು ಪೂರ್ತಿ ತಡೆದಿಟ್ಟುಕೊಳ್ಳಲಾರದು. ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ, ಇಳಿಯುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ನೀವು ನೀರು ಬಿಟ್ಟರೂ ರಾತ್ರಿ ಮೂರು ಸಲ ಏಳುತ್ತಿರುವುದು ಇದರಿಂದಲೇ ಇರಬಹುದು. ಮೂತ್ರದಲ್ಲಿ ಸಕ್ಕರೆ ಇದ್ದರೆ ಸೋಂಕು ಬೇಗ ಹಿಡಿಯುತ್ತದೆ, ಸೋಂಕು ಇದ್ದರೆ ಅವಸರ ಇನ್ನೂ ಹೆಚ್ಚು. ಹಾಗಾಗಿ ಮೊದಲ ದಿನವೇ ಮೂತ್ರ ಪರೀಕ್ಷೆ ಆಗಬೇಕು. ಒಂದು ವಿಷಯ ನೆನಪಿಡಿ: ಶುಗರ್‌ಗೆ ಹೊಸದಾಗಿ ಬಂದಿರುವ ಡಾಪಾಗ್ಲಿಫ್ಲೋಜಿನ್ ಅಂಥ ಗುಳಿಗೆಗಳು ಕೆಲಸ ಮಾಡುವುದೇ ಸಕ್ಕರೆಯನ್ನು ಮೂತ್ರಕ್ಕೆ ಇಳಿಸಿ. ಗುಳಿಗೆ ಹೆಚ್ಚಿಸುವಾಗ ಡಾಕ್ಟರಿಗೆ ಈ ಸೋರುವ ವಿಷಯ ಗೊತ್ತಿದ್ದರೆ ಅವರು ಯೋಚಿಸಿ ಬರೆಯುತ್ತಾರೆ.

ನೀರಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮ ಕಡೆಯ ಬೇಸಿಗೆಯಲ್ಲಿ, ಅದೂ ಒಲೆ ಮುಂದೆ, ನೀರು ಬಿಡುವುದು ಜೀವಕ್ಕೇ ಕುತ್ತು. ನೀರು ಕಡಿಮೆಯಾದರೆ ಮೂತ್ರ ಗಡುಸಾಗಿ ಚೀಲವನ್ನು ಇನ್ನೂ ಕೆಣಕುತ್ತದೆ. ಮಲ ಗಟ್ಟಿಯಾಗುತ್ತದೆ, ತಿಣುಕಿದಾಗ ಜೋಳಿಗೆ ಇನ್ನೂ ಸಡಿಲ. ಒಮ್ಮೆಗೆ ಒಂದು ಚೊಂಬು ಗಟಗಟ ಕುಡಿಯಬೇಡಿ, ದಿನವಿಡೀ ಒಂದೊಂದು ಲೋಟ ಕುಡಿಯಿರಿ. ಮೂತ್ರ ತಿಳಿ ಹಳದಿ ಇರುವಷ್ಟು ಕುಡಿಯಬೇಕು. ಮಲಗುವ ಎರಡು ತಾಸು ಮುಂಚೆ ಕಡಿಮೆ ಮಾಡಿ. ಕಡಿಮೆ ಮಾಡಬೇಕಾದದ್ದು ಚಹಾ. ಖಾನಾವಳಿಯಲ್ಲಿ ಗಿರಾಕಿಗೆ ಮಾಡಿದಾಗಲೆಲ್ಲ ನಮಗೂ ಅರ್ಧ ಕಪ್ಪು ಅಂತ ಐದಾರು ಆಗಿಬಿಡುತ್ತದೆ, ಅಲ್ವಾ? ಎರಡಕ್ಕೆ ಇಳಿಸಿ. ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತದೆ, ವಾರಕ್ಕೆ ಒಂದು ಕಪ್ಪಿನಂತೆ ಬಿಡಿ.

ಈಗ ನಿಜವಾದ ಮದ್ದು. ದುಡ್ಡು ಬೇಡ, ದಿನಕ್ಕೆ ಹದಿನೈದು ನಿಮಿಷ ಬೇಕು. ಸೊಂಟದ ತಳದ ಆ ಸ್ನಾಯುಗಳ ವ್ಯಾಯಾಮ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ವಿವರಿಸಿದರು, ಅದಕ್ಕೇ ಕೆಗೆಲ್ ವ್ಯಾಯಾಮ ಅನ್ನುತ್ತಾರೆ. ಇದರ ಬಗ್ಗೆ ಇರುವಷ್ಟು ಗಟ್ಟಿ ಪುರಾವೆ ಯಾವ ಡಬ್ಬಿಗೂ ಇಲ್ಲ. ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದ 2018ರ ಕಾಕ್ರೇನ್ ಪರಿಶೀಲನೆಯಲ್ಲಿ, ಒತ್ತಡದ ಸೋರಿಕೆ ಇದ್ದು ವ್ಯಾಯಾಮ ಮಾಡಿದ ಹೆಂಗಸರಲ್ಲಿ ನೂರಕ್ಕೆ 56 ಮಂದಿ ವಾಸಿಯಾಯಿತು ಅಂದರು. ಮಾಡದವರಲ್ಲಿ ಹಾಗೆ ಅಂದವರು 6.

ಮೊದಲು ಸ್ನಾಯು ಯಾವುದು ಅಂತ ಹಿಡಿಯಬೇಕು. ನಾಲ್ಕು ಜನರ ನಡುವೆ ಕೂತಿದ್ದೀರಿ, ಗಾಳಿ ಹೋಗುವ ಹಾಗಾಯಿತು, ಹೋಗದಂತೆ ತಡೆಯುತ್ತೀರಲ್ಲ, ಆ ಸ್ನಾಯು. ಅದನ್ನು ಹಿಂದಿನಿಂದ ಮುಂದಕ್ಕೆ, ಒಳಗೆ ಮೇಲಕ್ಕೆ ಎತ್ತಿದ ಹಾಗೆ ಬಿಗಿಹಿಡಿಯಿರಿ. ಹೊಟ್ಟೆ, ಪೃಷ್ಠ, ತೊಡೆ ಬಿಗಿಯಬಾರದು. ಉಸಿರು ಕಟ್ಟಬಾರದು. ಕೆಳಕ್ಕೆ ಮುಕ್ಕರಿದರೆ ಉಲ್ಟಾ ಆಗುತ್ತದೆ, ಬಹಳ ಜನ ಮಾಡುವ ತಪ್ಪು ಇದೇ. ಶುರುವಿಗೆ ಮಲಗಿ, ಮಂಡಿ ಮಡಚಿ ಮಾಡಿ. ಮೂರು ಎಣಿಸುವವರೆಗೆ ಹಿಡಿಯಿರಿ, ಆರು ಎಣಿಸುವವರೆಗೆ ಬಿಡಿ. ಹೀಗೆ ಎಂಟು ಹತ್ತು ಸಲ, ದಿನಕ್ಕೆ ಮೂರು ಹೊತ್ತು. ವಾರ ವಾರ ಹೆಚ್ಚಿಸುತ್ತಾ ಹತ್ತು ಎಣಿಸುವವರೆಗೆ ಹಿಡಿಯುವ ಶಕ್ತಿ ಬರಬೇಕು. ಕೊನೆಯಲ್ಲಿ ಹತ್ತು ಸಲ ಚಕಚಕನೆ ಹಿಡಿದು ಬಿಡಿ. ರೂಢಿಯಾದ ಮೇಲೆ ಕೂತು, ನಿಂತು ಮಾಡಬಹುದು. ರೊಟ್ಟಿ ಹಂಚಿಗೆ ಹಾಕಿ ನೀರು ಸವರಿ ತಿರುವಿ ಹಾಕುವ ತನಕ ಒಂದು ಹಿಡಿತ. ಹತ್ತು ರೊಟ್ಟಿಗೆ ಒಂದು ಹೊತ್ತಿನ ಲೆಕ್ಕ ಮುಗಿಯಿತು. ಮೂತ್ರ ಮಾಡುತ್ತಿರುವಾಗ ನಡುವೆ ತಡೆದು ಅಭ್ಯಾಸ ಮಾಡಬೇಡಿ, ಚೀಲ ಖಾಲಿಯಾಗದೆ ಉಳಿಯುತ್ತದೆ.

ಮೂರು ತಿಂಗಳು ಬಿಡದೆ ಮಾಡಬೇಕು. ಮೂರು ವಾರಕ್ಕೆ ಏನೂ ಕಾಣಲಿಲ್ಲ ಅಂತ ಬಿಡುವವರೇ ಹೆಚ್ಚು. ಒಂದು ಉಪಾಯ ಮಾತ್ರ ಬೇಗ ಕೆಲಸ ಮಾಡುತ್ತದೆ. ಕೆಮ್ಮುವ, ಸೀನುವ, ಚೀಲ ಎತ್ತುವ ಒಂದು ಕ್ಷಣ ಮೊದಲೇ ಆ ಸ್ನಾಯುವನ್ನು ಬಿಗಿಹಿಡಿಯುವುದು. ಮೆಣಸಿನಕಾಯಿ ಎಣ್ಣೆಗೆ ಬೀಳುವ ಮೊದಲು ಬಿಗಿಹಿಡಿಯಿರಿ, ಆಮೇಲೆ ಹಾಕಿ. ಇದನ್ನು ಕಲಿತವರಲ್ಲಿ ಒಂದೇ ವಾರದಲ್ಲಿ ಸೋರಿಕೆ ಕಡಿಮೆಯಾದದ್ದನ್ನು 1998ರಲ್ಲೇ ಅಮೆರಿಕದಲ್ಲಿ ತೋರಿಸಿದ್ದಾರೆ. ಆಗುವುದಾದರೆ ಒಗ್ಗರಣೆಯ ಒಲೆಯನ್ನು ಕಿಟಕಿ ಹತ್ತಿರ ಮಾಡಿಕೊಳ್ಳಿ. ಹಿಟ್ಟಿನ ಚೀಲ ನೀವೇ ಎತ್ತಬೇಡಿ, ಡಬ್ಬದಲ್ಲಿ ಸ್ವಲ್ಪ ಸ್ವಲ್ಪ ತುಂಬಿಕೊಳ್ಳಿ.

ಅವಸರಕ್ಕೆ ಬೇರೆ ಪಾಠ. ಅವಸರ ಬಂದಾಗ ಓಡಬೇಡಿ. ಓಡಿದರೆ ಸೋರುತ್ತದೆ. ಇದ್ದಲ್ಲೇ ನಿಂತು ಅಥವಾ ಕೂತು ನಾಲ್ಕೈದು ಸಲ ಚಕಚಕನೆ ಬಿಗಿಹಿಡಿದು ಬಿಡಿ. ಅಲೆ ಇಳಿಯುತ್ತದೆ. ಇಳಿದ ಮೇಲೆ ನಡೆದು ಹೋಗಿ. ಈಗ ಒಂದು ತಾಸಿಗೊಮ್ಮೆ ಹೋಗುತ್ತಿದ್ದರೆ, ಈ ವಾರ ಒಂದೂಕಾಲು ತಾಸಿಗೆ ಎಳೆಯಿರಿ, ಮುಂದಿನ ವಾರ ಒಂದೂವರೆ. ಎರಡೂವರೆ, ಮೂರು ತಾಸಿಗೆ ಬಂದರೆ ಸಾಕು. ಇದಕ್ಕೆ ಆರು ವಾರವಾದರೂ ಬೇಕು. ಆದರೆ ಸ್ಕ್ಯಾನಿಂಗ್‌ನಲ್ಲಿ ಮೂತ್ರ ಉಳಿಯುತ್ತಿದೆ ಅಂತ ಬಂದರೆ ಈ ಎಳೆಯುವ ಪಾಠ ನಿಮಗಲ್ಲ. ಹಾಗಾಗಿ ಮೊದಲು ಸ್ಕ್ಯಾನಿಂಗ್.

ತೂಕದ ಮಾತು ಹೇಳಿದರೆ ಬೇಜಾರಾಗಬೇಡಿ. ದಿನವಿಡೀ ದುಡಿಯುವವರಿಗೆ ವಾಕಿಂಗ್ ಮಾಡಿ ಅನ್ನುವುದು ಸುಲಭ, ಮಾಡುವುದು ಕಷ್ಟ, ನನಗೆ ಗೊತ್ತು. ಆದರೂ 2009ರಲ್ಲಿ ಪ್ರಕಟವಾದ ಒಂದು ಪ್ರಯೋಗ ಹೇಳಲೇಬೇಕು. ತೂಕ ಹೆಚ್ಚಿದ್ದ ಹೆಂಗಸರು ಆರು ತಿಂಗಳಲ್ಲಿ ನೂರಕ್ಕೆ ಎಂಟರಷ್ಟು ತೂಕ ಇಳಿಸಿದಾಗ ವಾರದ ಸೋರಿಕೆ ನೂರಕ್ಕೆ 47ರಷ್ಟು ತಗ್ಗಿತು. ಬರೀ ತಿಳಿವಳಿಕೆ ಕೊಟ್ಟ ಗುಂಪಿನಲ್ಲಿ 28. ನಿಮ್ಮ ಲೆಕ್ಕದಲ್ಲಿ ಅದು ಆರು ಕಿಲೋ. ರಾತ್ರಿ ಖಾನಾವಳಿ ಮುಚ್ಚಿದ ಮೇಲೆ ಹತ್ತು ಗಂಟೆಗೆ ಉಳಿದ ಅನ್ನ ಸಾರು ಉಣ್ಣುವುದನ್ನು ಎಂಟಕ್ಕೆ ಎರಡು ರೊಟ್ಟಿ ಪಲ್ಯಕ್ಕೆ ಬದಲಿಸಿದರೂ ಶುಗರ್‌ಗೂ ತೂಕಕ್ಕೂ ಗುಣ ಕಾಣುತ್ತದೆ.

ಇದಕ್ಕೆಲ್ಲ ಪೂರ್ತಿ ಬಗ್ಗದಿದ್ದರೆ ಔಷಧಿಗಳಿವೆ. ಮುಟ್ಟು ನಿಂತ ಮೇಲೆ ಒಳಗಿನ ಚರ್ಮ ಒಣಗಿ ಅವಸರ ಹೆಚ್ಚುತ್ತದೆ. ಅದಕ್ಕೆ ಈಸ್ಟ್ರೋಜನ್ ಮುಲಾಮನ್ನು ಯೋನಿಯ ಒಳಗೆ ಹಚ್ಚುವುದು ಹಲವರಿಗೆ ಅನುಕೂಲ. ಅದೇ ಹಾರ್ಮೋನನ್ನು ಗುಳಿಗೆಯಾಗಿ ನುಂಗಿದರೆ ಸೋರಿಕೆ ಜಾಸ್ತಿಯಾಗುತ್ತದೆ, ಹಾಗಾಗಿ ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಸ್ತನ ಕ್ಯಾನ್ಸರ್ ಆಗಿದ್ದವರು, ಮುಟ್ಟು ನಿಂತ ಮೇಲೆ ರಕ್ತ ಹೋಗಿದ್ದವರು ಮೊದಲೇ ಹೇಳಬೇಕು. ಅವಸರಕ್ಕೆ ಆಕ್ಸಿಬ್ಯುಟಿನಿನ್, ಸೋಲಿಫೆನಾಸಿನ್ ಅಂಥ ಗುಳಿಗೆಗಳಿವೆ. ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ, ವಯಸ್ಸಾದವರಿಗೆ ಗಲಿಬಿಲಿ ಆಗಬಹುದು. ನಮ್ಮ ಕಡೆಯವರಿಗೆ ನಾನು ಇನ್ನೊಂದು ಎಚ್ಚರಿಕೆ ಹೇಳಿಯೇ ಕೊಡುತ್ತೇನೆ: ಇವು ಬೆವರು ತಗ್ಗಿಸುತ್ತವೆ. 40 ಡಿಗ್ರಿ ದಾಟಿದ ಬಿಸಿಲಲ್ಲಿ, ಒಲೆ ಮುಂದೆ ಬೆವರು ಬರದಿದ್ದರೆ ಮೈ ಕಾದು ಬಿಸಿಲ ಹೊಡೆತವಾಗುತ್ತದೆ. ಮಿರಾಬೆಗ್ರಾನ್ ಎಂಬ ಇನ್ನೊಂದು ಗುಳಿಗೆಗೆ ಆ ತೊಂದರೆ ಇಲ್ಲ, ಆದರೆ ಬಿಪಿ ಏರಿಸಬಹುದು, ಬೆಲೆಯೂ ಹೆಚ್ಚು.

ಒತ್ತಡದ ಸೋರಿಕೆಗೆ ಆಪರೇಷನ್ ಇದೆ. ಮೂತ್ರನಾಳದ ಕೆಳಗೆ ಒಂದು ಪಟ್ಟಿ ಇಟ್ಟು ಆಸರೆ ಕೊಡುತ್ತಾರೆ. ಬಹಳ ಜನಕ್ಕೆ ಒಳ್ಳೆಯ ಗುಣ ಕೊಟ್ಟಿದೆ. ಕೆಲವರಲ್ಲಿ ಆ ಜಾಲರಿ ಪಟ್ಟಿ ಚರ್ಮ ಕೊರೆದು ನೋವು ತಂದಿದೆ, ಇಂಗ್ಲೆಂಡಿನಲ್ಲಿ 2018ರಲ್ಲಿ ಅದರ ಬಳಕೆಗೆ ತಡೆ ಹಾಕಿದ್ದೂ ಇದೇ ಕಾರಣಕ್ಕೆ. ನಮ್ಮದೇ ಮೈಯ ಪೊರೆಯಿಂದ ಪಟ್ಟಿ ಮಾಡುವ ವಿಧಾನವೂ ಇದೆ. ನಿಮಗೆ ಈಗಲೇ ಅದರ ಯೋಚನೆ ಬೇಡ, ಕೆಮ್ಮು ಮತ್ತು ಶುಗರ್ ಹತೋಟಿಗೆ ಬರದೆ ಮಾಡಿದರೆ ಫಲವೂ ಕಡಿಮೆ. ಒಂದನ್ನು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ. "ಗರ್ಭಕೋಶ ತೆಗೆಸಿಬಿಡಿ, ಎಲ್ಲ ಸರಿ ಹೋಗುತ್ತದೆ" ಅನ್ನುವುದು. ಮೂತ್ರ ಸೋರುವುದಕ್ಕೆ ಗರ್ಭಕೋಶ ತೆಗೆಯುವುದು ಚಿಕಿತ್ಸೆಯಲ್ಲ.

ಮೂತ್ರದಲ್ಲಿ ರಕ್ತ, ಜ್ವರದ ಜೊತೆ ಉರಿ, ಕಾಲಲ್ಲಿ ಶಕ್ತಿ ಇಲ್ಲದಿರುವುದು, ಕೂರುವ ಜಾಗ ಮರಗಟ್ಟುವುದು, ಮೂತ್ರ ಪೂರ್ತಿ ಕಟ್ಟುವುದು, ಇವಕ್ಕೆ ಕಾಯಬೇಡಿ. ಯೋನಿಯಿಂದ ಗಡ್ಡೆಯ ಹಾಗೆ ಏನಾದರೂ ಜಾರಿದಂತಿದ್ದರೆ ಅದನ್ನೂ ಹೇಳಿ. ಓದುತ್ತಿರುವ ಬೇರೆಯವರಿಗೆ ಒಂದು ಮಾತು: ಕಷ್ಟದ ಹೆರಿಗೆ ಅಥವಾ ಗರ್ಭಕೋಶದ ಆಪರೇಷನ್ ಆದ ಮೇಲೆ ಹಗಲು ರಾತ್ರಿ ನಿಲ್ಲದೆ ಸೋರುತ್ತಿದ್ದರೆ ಅದು ಮೂತ್ರಚೀಲದಲ್ಲಿ ತೂತಾಗಿರುವ ಲಕ್ಷಣ. ಅಲ್ಲಿ ವ್ಯಾಯಾಮವೂ ಇಲ್ಲ, ಗುಳಿಗೆಯೂ ಇಲ್ಲ. ಹೊಲಿದು ಮುಚ್ಚಬೇಕು, ಮುಚ್ಚಬಹುದು. ಗಂಡಸರ ಪ್ರಾಸ್ಟೇಟ್ ತೊಂದರೆಯೇ ಬೇರೆ. ಅದಕ್ಕೆ ಮಾರುವ ಸಾ ಪಾಲ್ಮೆಟೊ ಎಂಬ ಗಿಡಮೂಲಿಕೆ ಗುಳಿಗೆ ಖಾಲಿ ಗುಳಿಗೆಗಿಂತ ಮೇಲಲ್ಲ ಅಂತ 2006 ಮತ್ತು 2011ರ ಪ್ರಯೋಗಗಳಲ್ಲಿ ಗೊತ್ತಾಗಿದೆ.

ಬಟ್ಟೆ ಇಟ್ಟುಕೊಳ್ಳುವುದಾದರೆ ಒದ್ದೆಯಾದ ತಕ್ಷಣ ಬದಲಿಸಿ, ಬಿಸಿಲಿಗೆ ಒಣಗಿಸಿ. ಮುಚ್ಚಿಟ್ಟು ಒಣಗಿಸಿದ ಬಟ್ಟೆಯಿಂದ ತೊಡೆ ಸಂದಿಯಲ್ಲಿ ಹುಣ್ಣಾಗುತ್ತದೆ, ಶುಗರ್ ಇದ್ದರೆ ಬೇಗ ಮಾಯುವುದಿಲ್ಲ.

ಎಲ್ಲಿಗೆ ಹೋಗಬೇಕು? ಕುಷ್ಟಗಿಯ ತಾಲ್ಲೂಕು ಆಸ್ಪತ್ರೆಯಲ್ಲೇ ಶುರು ಮಾಡಿ. ಸ್ಕ್ಯಾನಿಂಗ್‌ಗೆ, ಸ್ತ್ರೀರೋಗದ ಡಾಕ್ಟರಿಗೆ ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಹೋಗುವ ಮೊದಲು ಮೂರು ದಿನ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಮೂತ್ರಕ್ಕೆ ಹೋದಿರಿ, ಹಳೆಯ ಅಳತೆ ಮಗ್ಗಿನಲ್ಲಿ ಎಷ್ಟು ಬಂತು, ಏನು ಕುಡಿದಿರಿ, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದಿರಿ. ಡಬ್ಬಿ, ಪೊಟ್ಟಣ, ಗುಳಿಗೆ, ಕಷಾಯದ ಪುಡಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಗವಿಮಠದ ಜಾತ್ರೆ ಜನವರಿಯಲ್ಲಿ. ಈಗ ಶುರು ಮಾಡಿದರೆ ವ್ಯಾಯಾಮದ ಮೂರು ತಿಂಗಳು ಅದಕ್ಕೆ ಮುಂಚೆಯೇ ಮುಗಿಯುತ್ತದೆ. ಈ ಸಲ ದಾಸೋಹಕ್ಕೆ ರೊಟ್ಟಿ ಕಟ್ಟಿಕೊಂಡು ಹೋಗುವ ಬಸ್ಸಿನಲ್ಲಿ ನೀವೂ ಇರಬೇಕು ಅಂತ ನನ್ನ ಆಸೆ.

ಗಂಡಸು ಡಾಕ್ಟರು ಇದ್ದರೆ ಬಾಯಿ ಬರುವುದಿಲ್ಲ ಅಂತ ಬಹಳ ಹೆಂಗಸರು ಹೇಳುತ್ತಾರೆ. ನಿಮಗೂ ಹಾಗನಿಸಿದರೆ ಬಾಯಿಂದ ಹೇಳಬೇಕಾಗಿಲ್ಲ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಡಿ: "ಎರಡು ವರ್ಷದಿಂದ ಕೆಮ್ಮಿದರೆ ಮೂತ್ರ ಹೋಗುತ್ತದೆ. ಅವಸರವೂ ಇದೆ. ಶುಗರ್ ಇದೆ, ಮೆಟ್‌ಫಾರ್ಮಿನ್ ಆರು ವರ್ಷದಿಂದ. ಎನಾಲಾಪ್ರಿಲ್ ತಗೊಳ್ಳುತ್ತೇನೆ, ಒಂದು ವರ್ಷದಿಂದ ಒಣ ಕೆಮ್ಮು. ಮೂತ್ರ ಪರೀಕ್ಷೆ, ಬಿ12, ಕ್ಯಾಲ್ಸಿಯಂ, ಮೂತ್ರ ಉಳಿಯುತ್ತದೆಯೇ ಅಂತ ಸ್ಕ್ಯಾನಿಂಗ್ ಮಾಡಿಸಬಹುದೇ?"